ತೆಂಗಿನ ನೊರೆ, ಮಡಿಕೇರಿಯ ಚಳಿ: ಮನೆಯಲ್ಲೇ ಸೌಮ್ಯ ಶಾಂಪೂ ಬಿಲ್ಲೆ ಮಾಡಿಕೊಳ್ಳುವ ಬಗೆ

ಡಿಸೆಂಬರಿನ ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಿ ನೋಡಿದರೆ, ಹಿಂದಿನ ವಾರ ಕಷ್ಟಪಟ್ಟು ತಯಾರಿಸಿದ್ದ ಶಾಂಪೂ ಬಾಟಲಿಯೊಳಗೆ ಒಡೆದ ಹಾಲಿನಂತೆ ತರಿತರಿಯಾಗಿ ಕುಳಿತಿತ್ತು. ಕೆಟ್ಟೇಹೋಯಿತೆಂದು ಚೆಲ್ಲಲು ಹೊರಟವಳು, ಕೊನೆಯ ಪ್ರಯತ್ನವೆಂದು ಹಂಡೆಯ ಬಿಸಿನೀರು ತುಂಬಿದ ಚೊಂಬಿನಲ್ಲಿ ಬಾಟಲಿಯನ್ನು ಮುಳುಗಿಸಿಟ್ಟೆ. ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಮರುದಿನ ಬೆಳಿಗ್ಗೆ ಮತ್ತೆ ಮೊಸರು.

ಕೆಟ್ಟಿದ್ದು ಶಾಂಪೂ ಅಲ್ಲ, ನನ್ನ ಲೆಕ್ಕ. ಅದರಲ್ಲಿದ್ದ ಮುಖ್ಯ ವಸ್ತು ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್. ಈ ಉದ್ದ ಹೆಸರನ್ನು ಮಾರುವವರೂ ಮಾಡುವವರೂ ಎಸ್‌ಸಿಐ ಎಂದು ಮೊಟಕು ಮಾಡಿಕೊಂಡಿದ್ದಾರೆ, ನಾನೂ ಹಾಗೇ ಕರೆಯುತ್ತೇನೆ. ಚರ್ಮಕ್ಕೆ ಇದು ಬಹಳ ಸೌಮ್ಯ, ನೊರೆ ಬೆಣ್ಣೆಯಂತೆ ದಟ್ಟ. ಆದರೆ ತಣ್ಣೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಬಿಸಿ ಮಾಡಿ ಕರಗಿಸಿದರೂ ಚಳಿ ಬಿದ್ದೊಡನೆ ಮತ್ತೆ ಹರಳುಗಟ್ಟುತ್ತದೆ. ಬಯಲುಸೀಮೆಯ ಸೆಕೆಯೂರಿನವರು ಬರೆದ ವಿಧಾನವನ್ನು ಹಾಗೆಯೇ ಮಡಿಕೇರಿಯಲ್ಲಿ ಮಾಡಲು ಹೊರಟದ್ದು ನನ್ನ ತಪ್ಪು. ಅಂದಿನಿಂದ ದ್ರವದ ಸಹವಾಸ ಬಿಟ್ಟು ಬಿಲ್ಲೆಗೆ ಇಳಿದೆ. ನಮ್ಮ ಚಳಿಗೆ ಬಿಲ್ಲೆಯೇ ಸರಿ. ಮಳೆಗಾಲದಲ್ಲಿ ಅದಕ್ಕೂ ತನ್ನದೇ ತಕರಾರು ಉಂಟು, ಅದನ್ನು ಮುಂದೆ ಹೇಳುತ್ತೇನೆ.

ತೆಂಗಿನದು ಹೌದು, ತೆಂಗಿನೆಣ್ಣೆ ಅಲ್ಲ

ಮೊದಲು ಒಂದು ಭ್ರಮೆ ಕಳೆದುಕೊಳ್ಳಬೇಕು. ಅಂಗಡಿಯ ಡಬ್ಬಿಗಳ ಮೇಲೆ ‘ತೆಂಗಿನಿಂದ ಪಡೆದದ್ದು’ ಎಂದು ಹಸಿರು ಅಕ್ಷರದಲ್ಲಿ ಬರೆದಿರುತ್ತದೆ, ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಚಿತ್ರ. ತೆಂಗಿನಿಂದ ಬಂದಿದೆ ಎಂದ ಮಾತ್ರಕ್ಕೆ ಮೃದುವಾಗಿರುತ್ತದೆ ಎಂದು ತಿಳಿಯಬೇಡಿ. ಎಲ್ಲರೂ ಬೈಯುವ ಸೋಡಿಯಂ ಲಾರಿಲ್ ಸಲ್ಫೇಟ್ ಕೂಡ ತೆಂಗಿನೆಣ್ಣೆಯಿಂದ ಅಥವಾ ತಾಳೆಬೀಜದ ಎಣ್ಣೆಯಿಂದಲೇ ತಯಾರಾಗುತ್ತದೆ. ಹಳೆಯ ಬಟ್ಟೆ ಸೋಪಿನಲ್ಲೂ ತೆಂಗಿನೆಣ್ಣೆ ಇರುತ್ತಿತ್ತು, ಅದನ್ನು ಯಾರೂ ಮುಖಕ್ಕೆ ಹಚ್ಚಲಿಲ್ಲ.

ಒಗೆಯುವ ಅಣುವಿಗೆ ಒಂದು ಬಾಲ, ಒಂದು ತಲೆ. ಬಾಲ ಎಣ್ಣೆಯನ್ನು ಹಿಡಿಯುತ್ತದೆ, ತಲೆ ನೀರನ್ನು ಹಿಡಿಯುತ್ತದೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಈ ಎಲ್ಲ ವಸ್ತುಗಳ ಬಾಲವೂ ಹೆಚ್ಚಾಗಿ ಅದೇ. ವ್ಯತ್ಯಾಸ ಇರುವುದು ತಲೆಯಲ್ಲಿ. ಎಸ್‌ಸಿಐಯ ತಲೆ ಐಸೆಥಿಯೊನೇಟ್, ಅದು ತೆಂಗಿನಮರದಿಂದ ಬರುವುದಿಲ್ಲ, ಕಾರ್ಖಾನೆಯಲ್ಲಿ ಎಥಿಲೀನ್ ಆಕ್ಸೈಡ್ ಮತ್ತು ಸೋಡಿಯಂ ಬೈಸಲ್ಫೈಟ್‌ಗಳಿಂದ ಆಗುತ್ತದೆ. ಅಂದರೆ ನಾವು ಕೊಂಡಾಡುವ ಮೃದುತ್ವ ಬಂದಿರುವುದು ತೆಂಗಿನ ಕಡೆಯಿಂದಲ್ಲ, ರಸಾಯನದ ಕಡೆಯಿಂದ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆದರೆ ‘ಪೂರ್ತಿ ನೈಸರ್ಗಿಕ’ ಎಂದು ಮಾರುವವರ ಮಾತಿಗೆ ತಲೆಯಾಡಿಸಬೇಡಿ.

ಸೋಪಿಗೂ ಇದಕ್ಕೂ ಇರುವ ಅಂತರ ಮುಖ್ಯವಾಗಿ ಎರಡು. ಸೋಪಿನ ಪಿಎಚ್ (ಹುಳಿ, ಕ್ಷಾರಗಳ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಸಾಮಾನ್ಯವಾಗಿ 9ರಿಂದ 10, ಚರ್ಮದ್ದು 5ರ ಆಸುಪಾಸು. ಎಸ್‌ಸಿಐಯನ್ನು 5.5ರಿಂದ 6ಕ್ಕೆ ಸುಲಭವಾಗಿ ತರಬಹುದು. ಎರಡನೆಯದು ಗಡಸು ನೀರಿನ ವಿಷಯ. ತೋಟದ ಒರತೆ ನೀರಿನಲ್ಲಿ ಮೀಯುವ ನಮಗೆ ಇದು ಹೊಳೆಯುವುದಿಲ್ಲ. ಕುಶಾಲನಗರದ ಕಡೆ ಕೊಳವೆಬಾವಿ ನೀರಿರುವ ನಮ್ಮ ಬಂಧುಗಳ ಮನೆಯಲ್ಲಿ ಸೋಪು ಹಚ್ಚಿದರೆ ಬಕೆಟ್ಟಿನ ಅಂಚಿಗೆಲ್ಲ ಬಿಳಿ ಕೆನೆ ಕಟ್ಟುತ್ತದೆ, ಅದೇ ಕೆನೆ ಕೂದಲಿಗೂ ಹತ್ತುತ್ತದೆ. ಎಸ್‌ಸಿಐ ಆ ಕೆನೆ ಕಟ್ಟುವುದಿಲ್ಲ. ಇದೇನೂ ಹೊಸ ವಸ್ತುವಲ್ಲ. 1957ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಡವ್ ಬಿಲ್ಲೆ ನಿಂತಿದ್ದು ಈ ಐಸೆಥಿಯೊನೇಟ್ ಬಳಗದ ಮೇಲೆಯೇ.

ಕೊಳ್ಳುವ ಮುನ್ನ

ಎಸ್‌ಸಿಐ ಮಡಿಕೇರಿಯ ಅಂಗಡಿಯಲ್ಲಿ ಸಿಗುತ್ತದೆ ಎಂದು ಅಲೆಯಬೇಡಿ. ಸೌಂದರ್ಯಸಾಧನದ ಕಚ್ಚಾವಸ್ತು ಮಾರುವವರಿಂದ ಅಂಚೆಯಲ್ಲಿ ತರಿಸಿಕೊಳ್ಳುವುದೇ ದಾರಿ. ಮೂರು ರೂಪದಲ್ಲಿ ಬರುತ್ತದೆ: ಮೈದಾದಂಥ ಪುಡಿ, ಪಾಪುಟ್ಟಿಗೆ ಒಡೆದ ಅಕ್ಕಿತರಿಯಂಥ ಹರಳು, ತುಂಡು ಮಾಡಿದ ನೂಲ್‌ಪುಟ್ಟಿನಂಥ ಎಳೆ. ಪುಡಿ ಬೇಗ ಮಿದುವಾಗುತ್ತದೆ, ಆದರೆ ಗಾಳಿಗೆ ಹಾರಿ ಮೂಗು, ಗಂಟಲು ಸುಡುತ್ತದೆ. ಮೊದಲ ಪೊಟ್ಟಣವನ್ನು ಧೈರ್ಯವಾಗಿ ಕತ್ತರಿಸಿ ಡಬ್ಬಿಗೆ ಸುರಿದವಳು ಅರ್ಧ ಗಂಟೆ ಸೀನಿದ್ದೇನೆ. ಹೊಸಬರು ತರಿ ಅಥವಾ ಎಳೆ ತೆಗೆದುಕೊಳ್ಳಿ. ಸ್ವಲ್ಪ ಹೊತ್ತು ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಮಾರುವವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸಕ್ರಿಯ ಅಂಶ, ಅಂದರೆ ಅದರಲ್ಲಿ ನಿಜವಾದ ಎಸ್‌ಸಿಐ, ಶೇಕಡಾ ಎಷ್ಟು? ಸುಮಾರು ಶೇ. 85ರದ್ದೂ ಇದೆ, ಸ್ಟಿಯರಿಕ್ ಆಮ್ಲ ಬೆರೆಸಿದ ಶೇ. 65ರದ್ದೂ ಇದೆ. ನನ್ನ ಅಳತೆ ಶೇ. 85ರದ್ದಕ್ಕೆ. ಹೆಸರನ್ನೂ ಪೂರ್ತಿ ಓದಿ. ಎಸ್‌ಎಲ್‌ಎಸ್ (ಮೇಲೆ ಹೇಳಿದ ಸೋಡಿಯಂ ಲಾರಿಲ್ ಸಲ್ಫೇಟ್), ಎಸ್‌ಎಲ್‌ಎಸ್‌ಎ (ಸೋಡಿಯಂ ಲಾರಿಲ್ ಸಲ್ಫೊಅಸಿಟೇಟ್), ಎಸ್‌ಸಿಐ ಎಲ್ಲವೂ ಬಿಳಿ ಪುಡಿಗಳೇ, ಗಡಿಬಿಡಿಯಲ್ಲಿ ಒಂದಕ್ಕೆ ಇನ್ನೊಂದು ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಮಾಡುವಷ್ಟು ವ್ಯವಧಾನ ಇಲ್ಲದವರು ಅಂಗಡಿಯ ಬಿಲ್ಲೆಯನ್ನೇ ಕೊಳ್ಳಬಹುದು. ಘಟಕಗಳ ಪಟ್ಟಿಯಲ್ಲಿ ಪ್ರಮಾಣ ಹೆಚ್ಚಿರುವುದು ಮೊದಲು ಬರುತ್ತದೆ. ಮೊದಲ ಎರಡು ಮೂರು ಹೆಸರುಗಳಲ್ಲಿ ಕೊಕೊಯಿಲ್ ಐಸೆಥಿಯೊನೇಟ್ ಇದ್ದರೆ ಸರಿ. ಕಡೆಯಲ್ಲೆಲ್ಲೋ ಸುಗಂಧದ ಪಕ್ಕ ಅಡಗಿದ್ದರೆ ಅದು ಹೆಸರಿಗಷ್ಟೇ.

ಅಳತೆ, ಸುಮಾರು 100 ಗ್ರಾಂ ಬಿಲ್ಲೆಗೆ

ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು.

ಎಸ್‌ಸಿಐ (ಶೇ. 85ರದ್ದು): 58 ಗ್ರಾಂ
ಕೊಕಮಿಡೊಪ್ರೊಪೈಲ್ ಬೀಟೈನ್ ದ್ರವ: 14 ಗ್ರಾಂ
ಸೆಟೊಸ್ಟಿಯರಿಲ್ ಆಲ್ಕೊಹಾಲ್ (ಮೇಣದಂಥ ಗಟ್ಟಿ ವಸ್ತು): 8 ಗ್ರಾಂ
ಸ್ಟಿಯರಿಕ್ ಆಮ್ಲ: 4 ಗ್ರಾಂ
ತೆಂಗಿನೆಣ್ಣೆ: 3 ಗ್ರಾಂ
ಬಿಳಿ ಕೆಯೊಲಿನ್ ಜೇಡಿ: 5 ಗ್ರಾಂ
ಬಟ್ಟಿ ಇಳಿಸಿದ ನೀರು: 6 ಗ್ರಾಂ
ಫಿನಾಕ್ಸಿಎಥನಾಲ್ ಆಧಾರದ ಸಂರಕ್ಷಕ: 1 ಗ್ರಾಂ
ಸುಗಂಧ ತೈಲ: 1 ಗ್ರಾಂ ಅಥವಾ ಅದಕ್ಕಿಂತ ಕಡಿಮೆ

ಇದಲ್ಲದೆ ಪಿಎಚ್ ಸರಿಪಡಿಸಲು ಸಿಟ್ರಿಕ್ ಆಮ್ಲದ ದ್ರಾವಣ ಇರಲಿ: 2 ಗ್ರಾಂ ಹರಳು, 8 ಗ್ರಾಂ ನೀರು.

58 ಏಕೆ ಎಂದು ಕೇಳಬಹುದು. 58ರ ಶೇ. 85 ಎಂದರೆ 49.3. ತೊಳೆದು ತೆಗೆಯುವ ಉತ್ಪನ್ನಗಳಲ್ಲಿ ಎಸ್‌ಸಿಐ ಶೇ. 50ರವರೆಗೆ ಸುರಕ್ಷಿತ ಎಂದು ಅಮೆರಿಕದ ಸೌಂದರ್ಯಸಾಧನ ಘಟಕಗಳ ಪರಿಶೀಲನಾ ಮಂಡಳಿ ಹೇಳಿತ್ತು, ಆ ಗೆರೆಯೊಳಗೇ ಇರೋಣ ಎಂದು. ಶಾಂಪೂ ಬಿಲ್ಲೆಗೆ 75 ಗ್ರಾಂ ಸುರಿಯುವವರಿದ್ದಾರೆ. ನೊರೆ ಜಾಸ್ತಿ ಬರುತ್ತದೆ ನಿಜ, ಬಿಲ್ಲೆ ಪುಡಿಪುಡಿಯಾಗುವುದೂ ನಿಜ.

ಬೀಟೈನ್ ಸಹ ತೆಂಗಿನ ಮೂಲದ್ದೇ. ಎಸ್‌ಸಿಐಯನ್ನು ಮಿದುವಾಗಿಸುವುದು ಅದೇ, ಹಾಗಾಗಿ ಬಿಡುವಂತಿಲ್ಲ. ಆದರೆ ‘ತೆಂಗು ಎಂದರೆ ಅಲರ್ಜಿ ಇಲ್ಲ’ ಎನ್ನುವವರಿಗೆ ಒಂದು ಮಾತು: ಅಮೆರಿಕದ ಸ್ಪರ್ಶ ಚರ್ಮರೋಗ ಸಂಘ 2004ರಲ್ಲಿ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿದ್ದು ಇದನ್ನೇ. ತೊಂದರೆ ಕೊಡುವುದು ಹೆಚ್ಚಾಗಿ ತಯಾರಿಕೆಯಲ್ಲಿ ಉಳಿದುಹೋಗುವ ಕಲ್ಮಶಗಳು. ಆದ್ದರಿಂದ ಒಳ್ಳೆಯ ದರ್ಜೆಯದನ್ನು ಕೊಳ್ಳಿ. ಬಟ್ಟೆ, ನೆಲ ತೊಳೆಯಲು ಕ್ಯಾನಿನಲ್ಲಿ ಮಾರುವ ಅಗ್ಗದ್ದು ಬೇಡ.

ಗ್ಲಿಸರಿನ್ ಹಾಕಿ ಎಂದು ಹಲವು ವಿಧಾನಗಳಲ್ಲಿ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಆಷಾಢದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವ ನಮ್ಮೂರಿನಲ್ಲಿ ಅದನ್ನು ಹಾಕಿದರೆ ಬಿಲ್ಲೆ ಬೆವರುತ್ತದೆ. ನಾನು ಬಿಟ್ಟಿದ್ದೇನೆ.

ಮಾಡುವ ಬಗೆ

ಕಿಟಕಿ ತೆರೆಯಿರಿ, ಫ್ಯಾನು ನಿಲ್ಲಿಸಿ, ಮುಖಗವಸು ಮತ್ತು ಕೈಗವಸು ಹಾಕಿಕೊಳ್ಳಿ. ಅಗಲ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರ ಮೇಲೆ ಕೂರುವಂಥ ಸ್ಟೀಲ್ ಬೋಗುಣಿಯನ್ನು ಆರಿಸಿಕೊಳ್ಳಿ. ಅಲ್ಯೂಮಿನಿಯಂ ಬೇಡ.

ಬೋಗುಣಿಗೆ ಮೊದಲು ನೀರು ಮತ್ತು ಬೀಟೈನ್, ಆಮೇಲೆ ಎಸ್‌ಸಿಐ. ಕ್ರಮ ತಿರುಗಿಸಿದರೆ ದ್ರವ ಸುರಿಯುವಾಗ ಪುಡಿ ಏಳುತ್ತದೆ. ಸೌಟಿನ ಬೆನ್ನಿನಿಂದ ಒತ್ತೊತ್ತಿ ಎಲ್ಲವನ್ನೂ ತೇವ ಮಾಡಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿ.

ಇನ್ನು ತಾಳ್ಮೆಯ ಭಾಗ. ಎಸ್‌ಸಿಐ ಬೆಣ್ಣೆಯಂತೆ ಕರಗುತ್ತದೆ ಎಂದು ಕಾಯುವವರು ಉರಿ ಹೆಚ್ಚಿಸುತ್ತಾ ಹೋಗುತ್ತಾರೆ. ಅದು ನಿಜವಾಗಿ ಕರಗಲು ಕುದಿಯುವ ನೀರಿನ ಮೇಲೆ ಸಿಗದಷ್ಟು ಶಾಖ ಬೇಕು. ಇಲ್ಲಿ ಆಗುವುದು ಬೇರೆ: ಬೀಟೈನ್ ಮತ್ತು ನೀರನ್ನು ಹೀರಿಕೊಂಡು ಅದು ಮಿದುವಾಗುತ್ತದೆ. 75ರಿಂದ 80 ಡಿಗ್ರಿ ಸಾಕು. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಮಗುಚಿ, ಕಡೆಯಬೇಡಿ, ಕಡೆದರೆ ನೊರೆ ತುಂಬಿ ಬಿಲ್ಲೆಯಲ್ಲಿ ತೂತುಗಳಾಗುತ್ತವೆ. ಪುಡಿಯಾದರೆ 20 ನಿಮಿಷ, ತರಿಯಾದರೆ ಅರ್ಧ ಗಂಟೆ, ಎಳೆಯಾದರೆ ಇನ್ನೂ ಹೆಚ್ಚು. ಮೊದಲು ಒದ್ದೆ ಮರಳಿನಂತೆ, ಆಮೇಲೆ ಉದುರುದುರು ಉಪ್ಪಿಟ್ಟಿನಂತೆ, ಕಡೆಗೆ ಬಿಳಿಯ ದಪ್ಪ ಹಿಟ್ಟಿನಂತೆ ಆಗುತ್ತದೆ. ಉಪ್ಪಿಟ್ಟಿನ ಹಂತದಲ್ಲಿ ಎಲ್ಲರಿಗೂ ‘ಇದು ಕೆಟ್ಟಿತು’ ಎನ್ನಿಸುತ್ತದೆ. ನೀರು ಸೇರಿಸಲು ಹೋಗಬೇಡಿ, ಮುಚ್ಚಿಡಿ. ತೀರಾ ಒಣಗಿದ್ದರೆ ಮಾತ್ರ ಒಂದೆರಡು ಗ್ರಾಂ ನೀರು ಚಿಮುಕಿಸಿ.

ಪಕ್ಕದ ಒಲೆಯಲ್ಲಿ ಸೆಟೊಸ್ಟಿಯರಿಲ್ ಆಲ್ಕೊಹಾಲ್, ಸ್ಟಿಯರಿಕ್ ಆಮ್ಲ, ತೆಂಗಿನೆಣ್ಣೆ ಮೂರನ್ನೂ ಹೀಗೆಯೇ ಬಿಸಿನೀರಿನ ಮೇಲೆ ಕರಗಿಸಿ. ಇವು ಬೇಗ ತಿಳಿಯಾಗುತ್ತವೆ. ಹಿಟ್ಟಿನ ಹದಕ್ಕೆ ಬಂದ ಎಸ್‌ಸಿಐಗೆ ಇದನ್ನು ಸುರಿದು, ಕೆಯೊಲಿನ್ ಉದುರಿಸಿ, ಎಣ್ಣೆಯ ಗೆರೆ ಕಾಣದಂತೆ ಕಲಸಿ ಕೆಳಗಿಳಿಸಿ. ಆ ಮೂರು ಗ್ರಾಂ ಎಣ್ಣೆಯನ್ನು ಹತ್ತು ಮಾಡುವ ಆಸೆ ಬೇಡ. ಎಣ್ಣೆ ಹೆಚ್ಚಾದಷ್ಟೂ ನೊರೆ ಸಾಯುತ್ತದೆ, ಕೂದಲು ಜಿಡ್ಡಾಗುತ್ತದೆ.

ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ಅಂದರೆ 45 ಡಿಗ್ರಿಗಿಂತ ಕೆಳಗೆ ಬಂದಾಗ, ಸಂರಕ್ಷಕ ಮತ್ತು ಸುಗಂಧ ಸೇರಿಸಿ. ನಾನು ಕಿತ್ತಳೆ ಸಿಪ್ಪೆಯ ತೈಲಕ್ಕೆ ಒಂದೆರಡು ಹನಿ ಏಲಕ್ಕಿ ತೈಲ ಬೆರೆಸುತ್ತೇನೆ. ಲವಂಗ, ದಾಲ್ಚಿನ್ನಿ ತೈಲಗಳು ಚರ್ಮವನ್ನು ಉರಿಸುತ್ತವೆ. ಮಕ್ಕಳಿಗೆ, ಚರ್ಮ ಸೂಕ್ಷ್ಮವಾಗಿರುವವರಿಗೆ ಸುಗಂಧವೇ ಬೇಡ.

ಹಾಕಬಾರದವು

ಕಾಫಿ ನಾಡಿನವರಿಗೆ ಮೊದಲು ಹೊಳೆಯುವುದೇ ಕಾಫಿಚರಟ. ಕೂದಲಲ್ಲಿ ಸಿಕ್ಕಿ ಹಾಕಿಕೊಳ್ಳುತ್ತದೆ, ಒದ್ದೆ ಬಿಲ್ಲೆಯಲ್ಲಿ ಬೂಸರು ತರಿಸುತ್ತದೆ. ದಾಸವಾಳದ ಲೋಳೆ, ಲೋಳೆಸರ, ನಿಂಬೆರಸ, ಹಾಲು ಇವಕ್ಕೂ ಅದೇ ಉತ್ತರ. ಒಂದು ಗ್ರಾಂ ಸಂರಕ್ಷಕ ಇಷ್ಟೆಲ್ಲವನ್ನು ಕಾಯಲಾರದು. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು ಕುದಿಸುವ ಮದ್ದುಸೊಪ್ಪಿನ ನೇರಳೆ ನೀರನ್ನು ನೋಡಿ ನನಗೂ ಆಸೆಯಾಗಿತ್ತು, ಎಂಥ ಬಣ್ಣ! ಅಮ್ಮ ಪಾತ್ರೆಯನ್ನು ನನ್ನ ಕೈಯಿಂದ ಕಸಿದುಕೊಂಡು ಪಾಯಸಕ್ಕೆ ಹಾಕಿದರು. ಅವರೇ ಸರಿ.

ಅಡುಗೆಸೋಡಾ, ಸೋಪಿನ ತುರಿ, ಬೂದಿನೀರು ಯಾವುದನ್ನೂ ಬೆರೆಸಬೇಡಿ. ಎಸ್‌ಸಿಐಯ ಬಾಲ ಮತ್ತು ತಲೆಯನ್ನು ಹಿಡಿದಿರುವ ಎಸ್ಟರ್ ಕೊಂಡಿ ಕ್ಷಾರದಲ್ಲಿ ಬಿಟ್ಟುಹೋಗುತ್ತದೆ. ಪಿಎಚ್ 8 ದಾಟಿದರೆ ಅದು ನಿಧಾನವಾಗಿ ಒಡೆಯುತ್ತದೆ, ಬಹಳ ಹುಳಿಯಾದರೂ ಹಾಗೆಯೇ.

ಪಿಎಚ್ ನೋಡುವುದು

ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ಒಂದು ಗ್ರಾಂ ಹಿಟ್ಟನ್ನು ಒಂಬತ್ತು ಗ್ರಾಂ ಬೆಚ್ಚಗಿನ ಬಟ್ಟಿ ನೀರಿನಲ್ಲಿ ಕದಡಿ, ಪಿಎಚ್ ಕಾಗದ ಅದ್ದಿ. 5.5ರಿಂದ 6 ಬಂದರೆ ಮುಂದೆ ಹೋಗಿ. 6.5, 7 ತೋರಿಸಿದರೆ ಸಿಟ್ರಿಕ್ ದ್ರಾವಣವನ್ನು ಐದೈದು ಹನಿ ಸೇರಿಸಿ, ಚೆನ್ನಾಗಿ ಕಲಸಿ, ಮತ್ತೆ ನೋಡಿ. ಅವಸರಪಟ್ಟು ಒಮ್ಮೆಲೇ ಸುರಿದರೆ ಹಿಂದಕ್ಕೆ ತರುವುದು ಕಷ್ಟ.

ಅಚ್ಚು, ಒಣಗಿಸುವುದು

ಹದ ಬಂದ ಹಿಟ್ಟನ್ನು ಕಡಂಬುಟ್ಟು (ಅಕ್ಕಿತರಿಯ ಕಡುಬು) ಕಟ್ಟಿದಂತೆ ಅಂಗೈಯಲ್ಲಿ ಬಿಗಿಯಾಗಿ ಉಂಡೆ ಕಟ್ಟಿ. ಬಿರುಕು ಬಿಟ್ಟರೆ ಮತ್ತೆ ಬೆಚ್ಚಗೆ ಮಾಡಿ ನಾದಿ. ಉಂಡೆಯನ್ನು ಬೆಣ್ಣೆಕಾಗದ ಹಾಸಿದ ಬಟ್ಟಲಿಗೆ ಹಾಕಿ ಲೋಟದ ತಳದಿಂದ ಬಲವಾಗಿ ಒತ್ತಿ. ಒಳಗೆ ಗಾಳಿ ಉಳಿದಲ್ಲಿಯೇ ಮುಂದೆ ನೀರು ನುಗ್ಗುತ್ತದೆ. ಒಂದು ಗಂಟೆಗೆ ಗಟ್ಟಿಯಾಗುತ್ತದೆ, ತೆಗೆದು ಜಾಲರಿಯ ಮೇಲಿಡಿ.

ಬೇಸಗೆಯಲ್ಲಾದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಜುಲೈಯಲ್ಲಿ ಒಣಗಲೆಂದು ಇಟ್ಟ ನನ್ನ ಬಿಲ್ಲೆ ನಾಲ್ಕು ದಿನಕ್ಕೆ ತೂಕ ಕಳೆದುಕೊಳ್ಳುವ ಬದಲು ಹೆಚ್ಚಿಸಿಕೊಂಡಿತ್ತು. ಬಟ್ಟೆ ಒಣಗಿಸುವ ಒಲೆಯ ಮೇಲಿನ ಅಟ್ಟವೇ ಗತಿಯೆಂದು ಅಲ್ಲಿಟ್ಟೆ. ಒಣಗಿತೇನೋ ಒಣಗಿತು, ಆದರೆ ತಲೆಗೆ ಹಚ್ಚಿದ ಮೇಲೆ ಮನೆಯವರೆಲ್ಲ ಹೊಗೆಗೆ ತೂಗುಹಾಕಿದ ಹಂದಿಮಾಂಸದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕತೊಡಗಿದರು.

ಈಗ ನನ್ನ ಪದ್ಧತಿ ಹೀಗಿದೆ. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕಣದಲ್ಲಿ ಒಣಗುವ ಜನವರಿ, ಫೆಬ್ರುವರಿಯಲ್ಲಿ ವರ್ಷಕ್ಕಾಗುವಷ್ಟು ಬಿಲ್ಲೆ ಮಾಡಿಬಿಡುತ್ತೇನೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಂದು ವಾರ. ದಿನಕ್ಕೊಮ್ಮೆ ತೂಗಿ ನೋಡುತ್ತೇನೆ, ಎರಡು ದಿನ ತೂಕ ಒಂದೇ ಇದ್ದರೆ ಒಣಗಿದೆ ಎಂದರ್ಥ. ಆಮೇಲೆ ಬೆಣ್ಣೆಕಾಗದ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದವರು ಒಣಗಿಸುವುದಕ್ಕೂ ಇದೇ ಡಬ್ಬಿಯನ್ನು ಬಳಸಿ. ಪೊಟ್ಟಣಗಳು ತೇವ ಹೀರಿಕೊಂಡಂತೆ ಬದಲಾಯಿಸುತ್ತಿದ್ದರೆ ಹತ್ತು ಹನ್ನೆರಡು ದಿನಕ್ಕೆ ಬಿಲ್ಲೆ ಗಟ್ಟಿಯಾಗುತ್ತದೆ.

ಬಳಸುವಾಗ

ಮೊದಲ ಬಿಲ್ಲೆಯನ್ನು ನೇರ ತಲೆಗೆ ಉಜ್ಜಬೇಡಿ. ಮೊಣಕೈಯ ಒಳಭಾಗಕ್ಕೆ ನೊರೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೆ ಎರಡು ಸಲ, ಒಂದು ವಾರ. ತುರಿಕೆ, ಕೆಂಪು ಬರದಿದ್ದರೆ ಮುಂದುವರಿಸಿ.

ಕೂದಲನ್ನು ಚೆನ್ನಾಗಿ ಒದ್ದೆ ಮಾಡಿ, ಬಿಲ್ಲೆಯನ್ನು ಬೇರಿನಿಂದ ತುದಿಯ ಕಡೆಗೆ ಮೂರು ನಾಲ್ಕು ಸಲ ಎಳೆದರೆ ಸಾಕು. ಉಳಿದದ್ದು ಬೆರಳಿನ ಕೆಲಸ. ಉಗುರುಬೆಚ್ಚಗಿನ ನೀರು ಇರಲಿ, ತೀರಾ ತಣ್ಣೀರಿನಲ್ಲಿ ಇದರ ನೊರೆ ಸೋಮಾರಿ. ಎಣ್ಣೆಸ್ನಾನದ ದಿನ ಒಂದು ಸಲಕ್ಕೆ ಜಿಡ್ಡು ಹೋಗುವುದಿಲ್ಲ, ಎರಡು ಸಲ ಬೇಕು. ಸೌಮ್ಯ ಎಂಬ ಗುಣದ ಬೆಲೆ ಅದು. ಅಷ್ಟು ಎಣ್ಣೆ ತೆಗೆಯಲು ನಾನು ಇಂದಿಗೂ ಸೀಗೆಪುಡಿಯನ್ನೇ ನಂಬುತ್ತೇನೆ.

ಸೋಪಿನಿಂದ ತಲೆ ತೊಳೆಯುವವರು ಕೊನೆಯಲ್ಲಿ ಹುಳಿನೀರು ಹಾಕಿಕೊಳ್ಳುತ್ತಾರೆ, ಸೋಪಿನ ಕ್ಷಾರವನ್ನು ಇಳಿಸಲು. ಈ ಬಿಲ್ಲೆ ಆಗಲೇ ಹುಳಿಯ ಕಡೆಗಿರುವುದರಿಂದ ಅದು ಅನಗತ್ಯ. ಕೊಡಗಿನ ಹಣ್ಣಿನ ಹುಳಿಯಾದ ಕಾಚಂಪುಳಿಯನ್ನು ನೀರಿಗೆ ಬೆರೆಸಿ ಹಾಕಿಕೊಳ್ಳಬಹುದೇ ಎಂದು ಕೇಳಿದವರಿದ್ದಾರೆ. ಅಷ್ಟು ಹಣ್ಣು ಆಯ್ದು, ಗಂಟೆಗಟ್ಟಲೆ ಕುದಿಸಿ ಕಪ್ಪಗೆ ಇಳಿಸಿದ್ದನ್ನು ಬಚ್ಚಲಿನ ಮೋರಿಗೆ ಬಿಡಬೇಡಿ, ಪಂದಿಕರಿಗೆ ಇರಲಿ.

ಬಳಸಿದ ಮೇಲೆ ಬಿಲ್ಲೆಯನ್ನು ನೀರು ಬಸಿಯುವ ಕಡ್ಡಿತಟ್ಟೆಯ ಮೇಲಿಟ್ಟು, ಬಚ್ಚಲಿನಿಂದ ಹೊರಗೆ ತನ್ನಿ. ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟ ಬಿಲ್ಲೆ ಎರಡು ದಿನಕ್ಕೆ ಗಂಜಿಯಾಗುತ್ತದೆ. ದೊಡ್ಡದನ್ನು ನಾಲ್ಕು ತುಂಡು ಮಾಡಿ ಒಂದೊಂದನ್ನೇ ಹೊರತೆಗೆಯುವುದು ಮಳೆಗಾಲಕ್ಕೆ ಒಳ್ಳೆಯ ಉಪಾಯ.

ಮುಖಕ್ಕೆ ಬೇಕಾದರೆ ಎಸ್‌ಸಿಐಯನ್ನು 45ಕ್ಕೆ ಇಳಿಸಿ, ಕಡಿಮೆಯಾದ 13 ಗ್ರಾಂನಲ್ಲಿ 9ನ್ನು ಸ್ಟಿಯರಿಕ್ ಆಮ್ಲಕ್ಕೂ 4ನ್ನು ಕೆಯೊಲಿನ್‌ಗೂ ಸೇರಿಸಿ, ಸುಗಂಧದ ಬದಲು ಅಷ್ಟೇ ನೀರು ಹಾಕಿ. ನೊರೆ ಕಡಿಮೆ, ಬಿಲ್ಲೆ ಗಟ್ಟಿ. ಇದು ತೊಳೆಯುವ ವಸ್ತು, ಔಷಧಿಯಲ್ಲ. ತಲೆಹೊಟ್ಟು ದಪ್ಪ ಪದರವಾಗಿ ಏಳುತ್ತಿದ್ದರೆ, ಇಸುಬು ಒಡೆದು ನೀರು ಸೋರುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಬಿಲ್ಲೆ ಚೆನ್ನಾಗಿ ಬಂದರೆ ನೆಂಟರು ಕೇಳುತ್ತಾರೆ, ಆಮೇಲೆ ಹೋಂಸ್ಟೇ ನಡೆಸುವ ಪರಿಚಿತರು ‘ಐವತ್ತು ಮಾಡಿಕೊಡಿ’ ಎನ್ನುತ್ತಾರೆ. ಮಾರಾಟಕ್ಕೆಂದು ಮಾಡುವುದಾದರೆ 2020ರ ಸೌಂದರ್ಯಸಾಧನ ನಿಯಮಗಳ ಪ್ರಕಾರ ತಯಾರಿಕಾ ಪರವಾನಗಿ ಬೇಕು, ಅಡುಗೆಮನೆಯ ಒಲೆ ಅದಕ್ಕೆ ಸಾಲದು. ನಾನು ನೆಂಟರ ಹಂತದಲ್ಲೇ ನಿಂತಿದ್ದೇನೆ. ಕೊಡುವ ಪ್ರತಿ ಬಿಲ್ಲೆಯ ಕಾಗದದ ಮೇಲೆ ಮಾಡಿದ ತಿಂಗಳು, ಹಾಕಿದ ಎಲ್ಲ ವಸ್ತುಗಳ ಹೆಸರು, ‘ಕಣ್ಣಿಗೆ ಬಿದ್ದರೆ ತಣ್ಣೀರಿನಲ್ಲಿ ತೊಳೆಯಿರಿ’ ಎಂಬ ಒಂದು ಸಾಲು ಬರೆದು ಕೊಡುತ್ತೇನೆ.